ಕಂಡಕ್ಟರು ಮನೆ ಬದಲಿಸಿದ ದಿನ

ನಿವೃತ್ತಿಯಾಗಿ ವರ್ಷಗಳೇ ಕಳೆದರೂ ಕಂಡಕ್ಟರಿಗೆ ಕೈಕಟ್ಟಿ ಕೂರುವ ವಿದ್ಯೆ ಮಾತ್ರ ಹತ್ತಲಿಲ್ಲ. ಬೀದಿಯಲ್ಲಿ ಯಾರೋ ಕಾರು ಹಿಂದಕ್ಕೆ ತೆಗೆಯುತ್ತಿದ್ದರೆ ಊಟ ಬಿಟ್ಟು ಎದ್ದು ಹೋಗುವವರು ಅವರು. ಅವರ ಸಹಾಯ ಬೇಡವೆನ್ನಲು ಯಾರಿಗೂ ಪುರುಸೊತ್ತೇ ಸಿಗುತ್ತಿರಲಿಲ್ಲ, ಅಷ್ಟರಲ್ಲಿ ಅವರು ಮಾಡಿ ಮುಗಿಸಿರುತ್ತಿದ್ದರು.

ಅಂಥವರ ಮನೆ ಬದಲಿಸುವ ದಿನ ಬಂತು. ಹೆಂಡತಿಗೆ ಇದ್ದ ಚಿಂತೆ ಕನ್ನಡಿ ಬೀರುವಿನದು. ಆಳೆತ್ತರದ ಕನ್ನಡಿ ಕೂರಿಸಿದ ಆ ಮರದ ಬೀರುವನ್ನು ಆಕೆ ಊರವರ ಬಟ್ಟೆ ಹೊಲಿದ ದುಡ್ಡಿನಲ್ಲಿ ಕೊಂಡಿದ್ದರು. ಇದುವರೆಗೆ ಒಂದು ಗೀರೂ ಬಿದ್ದಿರಲಿಲ್ಲ.

"ರೀ, ಇವತ್ತು ಆ ಕನ್ನಡಿ ಒಡೀತು ಅಂದ್ರೆ ನಾನು ನಿಮ್ಮ ಜೊತೆ ಮಾತಾಡಲ್ಲ," ಎಂದರು ಬೆಳಿಗ್ಗೆಯೇ.

"ನಾನಿದೀನಲ್ಲ," ಎಂದರು ಕಂಡಕ್ಟರು. ಆಕೆಯ ಹೆದರಿಕೆಗೆ ಕಾರಣವೂ ಅದೇ.

ಸಾಮಾನು ಸಾಗಿಸುವವರ ಲಾರಿ ಬಂದಾಗ ಕಂಡಕ್ಟರು ತಮ್ಮ ಹಳೆಯ ಸೀಟಿಯನ್ನು ಕೊರಳಿಗೆ ಹಾಕಿಕೊಂಡೇ ನಿಂತಿದ್ದರು. ಒಂದು ಸಲ ಊದಿದರೆ ನಿಲ್ಲು, ಎರಡು ಸಲ ಊದಿದರೆ ಹೋಗು. ಹಾಗೆಯೇ ಊದಿ ಊದಿ ಲಾರಿಯನ್ನು ಬಾಗಿಲ ತನಕ ತಂದರು. ಡ್ರೈವರು ಪಾಪ ಹೇಳಿದಂತೆ ಕೇಳಿದ.

ಆಮೇಲೆ ಒಳಗೆ ಬಂದು, ಆಳುಗಳು ಕಟ್ಟಿಟ್ಟ ಪೆಟ್ಟಿಗೆ ಬಿಚ್ಚಿ, ಇನ್ನೂ ಚೆನ್ನಾಗಿ ಕಟ್ಟಲು ಹೋಗಿ, ಕತ್ತರಿಯನ್ನು ಒಳಗೇ ಬಿಟ್ಟು ಟೇಪು ಸುತ್ತಿದರು. ನಾಲ್ವರು ಸೋಫಾ ಹೊತ್ತು ಮೆಟ್ಟಿಲಿಳಿಯುತ್ತಿದ್ದಾಗ ಗೋಡೆಗೆ ತಾಗೀತೆಂದು ಒಂದು ಸೀಟಿ ಊದಿದರು. ಮುಂದಿನಿಬ್ಬರು ನಿಂತರು, ಹಿಂದಿನಿಬ್ಬರು ನಿಲ್ಲಲಿಲ್ಲ. ಅದೃಷ್ಟಕ್ಕೆ ಪೆಟ್ಟಾದದ್ದು ಸೋಫಾಗೆ ಮಾತ್ರ.

ಆಳುಗಳ ಮೇಸ್ತ್ರಿ ಕೈಮುಗಿದ. "ಯಜಮಾನ್ರೇ, ನೀವು ದಾರಿ ಬಿಟ್ರೆ ಅದೇ ನಮಗೆ ದೊಡ್ಡ ಸಹಾಯ. ಕುಡಿಯೋಕೆ ನೀರು ಕೊಟ್ರೆ ಇನ್ನೂ ಒಳ್ಳೇದು."

ಹೆಂಡತಿ ಸೀಟಿಯನ್ನು ಗಂಡನ ಕೊರಳಿಂದ ತೆಗೆದು ತಮ್ಮ ಕೊರಳಿಗೆ ಹಾಕಿಕೊಂಡರು. ಕಂಡಕ್ಟರು ಮುಖ ಸಪ್ಪೆ ಮಾಡಿಕೊಂಡು ನೀರಿನ ಚೆಂಬು ಹಿಡಿದು ಬೀದಿಗಿಳಿದರು.

ಕಡೆಗೆ ಬೀರು ಲಾರಿ ಹತ್ತಿತು. ಹಗ್ಗ ಬಿಗಿಯುವ ಮೊದಲು ಕನ್ನಡಿಗೆ ಕಂಬಳಿ ಹೊದಿಸಲು ಹೆಂಡತಿಯೇ ಮೇಲೆ ಹತ್ತಿದರು. ಹಗ್ಗ ತರಲೆಂದು ಮೇಸ್ತ್ರಿ ಕೆಳಗಿಳಿದ, ಆಳುಗಳು ನೀರಿಗೆಂದು ಇಳಿದರು. ಲಾರಿಯ ಮುಂಭಾಗದಲ್ಲಿದ್ದ ಕಂಡಕ್ಟರಿಗೆ ಕಂಡದ್ದು ಎಲ್ಲರೂ ಕೈ ಒರೆಸಿಕೊಂಡು ಬರುತ್ತಿದ್ದದ್ದಷ್ಟೇ. ಎಲ್ಲಾ ತುಂಬಿದೆ, ಇನ್ನೇನು ಹೊರಡಬೇಕು. ಇಷ್ಟು ಕಾಲದ ಅಭ್ಯಾಸ, ಕೈ ತಾನೇ ಮೇಲೆದ್ದು ಲಾರಿಯ ಮೈಯನ್ನು ಎರಡು ಸಲ ಬಡಿಯಿತು. "ರೈಟ್," ಎಂದಿತು ಬಾಯಿ.

ಲಾರಿ ಹೊರಟೇ ಹೋಯಿತು.

ಮೇಸ್ತ್ರಿ ಹಗ್ಗ ಹಿಡಿದು ನಿಂತಲ್ಲೇ ನಿಂತ. ತೆರೆದ ಹಿಂಬಾಗಿಲಲ್ಲಿ ಹೆಂಡತಿ ಬೀರುವಿಗೆ ಬೆನ್ನು ಕೊಟ್ಟು, ಎರಡೂ ಕೈಯಿಂದ ಹಿಡಿದುಕೊಂಡು ದೂರವಾಗುತ್ತಿದ್ದರು. ಕಂಡಕ್ಟರು ಚೆಂಬು ಬಿಸಾಡಿ ಓಡಿದರು. "ಹೋಲ್ಡಾನ್, ಹೋಲ್ಡಾನ್" ಎಂದು ಕೂಗಿದ್ದು ಇಂಜಿನ್ನಿನ ಸದ್ದಿಗೆ ಯಾರ ಕಿವಿಗೂ ಬೀಳಲಿಲ್ಲ. ಹೀಗೆ ತಮ್ಮ ಬಸ್ಸಿನ ಹಿಂದೆ ಓಡಿಬಂದ ಎಷ್ಟು ಜನರನ್ನು ನೋಡಿಯೂ ನೋಡದವರಂತೆ ಅವರು ಎರಡು ಸೀಟಿ ಊದಿದ್ದರೋ. "ಓಡಬೇಡಿ, ಹಿಂದೆ ಬಸ್ ಖಾಲಿ ಬರ್ತಿದೆ" ಎಂದು ಅವರು ಹೇಳಿದ್ದನ್ನು ನಂಬಿ ಬಿಸಿಲಲ್ಲಿ ನಿಂತವರ ಶಾಪವೆಲ್ಲ ಇವತ್ತೇ ತಟ್ಟಿದಂತಿತ್ತು.

ಬೀದಿಯ ತಿರುವಿಗೆ ಇನ್ನೂ ಸ್ವಲ್ಪ ದೂರವಿತ್ತು. ತಿರುಗಿದರೆ ಬೀರು ಉಳಿಯುವುದಿಲ್ಲ. ಆಗ ಲಾರಿಯೊಳಗಿಂದ ಒಂದು ಸೀಟಿ, ಒಂದೇ ಒಂದು, ಕಿವಿ ಹರಿಯುವಂತೆ ಕೇಳಿಸಿತು. ಬೆಳಿಗ್ಗೆಯಿಂದ ಪಳಗಿದ್ದ ಡ್ರೈವರು ನಿಧಾನಕ್ಕೆ ಬ್ರೇಕು ಹಾಕಿದ.

ಮೇಸ್ತ್ರಿ ಮತ್ತು ಆಳುಗಳು ಕಂಡಕ್ಟರನ್ನು ಹಿಂದೆ ಹಾಕಿ ಓಡಿ ಲಾರಿ ಹತ್ತಿದರು. ಹಗ್ಗ ಬಿಗಿಯಾಯಿತು. ಕನ್ನಡಿಗೆ ಏನೂ ಆಗಿರಲಿಲ್ಲ. ಕಂಡಕ್ಟರು ಏದುಸಿರು ಬಿಡುತ್ತಾ ಬಂದು ಹತ್ತಲು ಕೈ ಚಾಚಿದಾಗ ಹೆಂಡತಿ ಕೆಳಗೆ ನೋಡಿದರು. ಸೀಟಿಯನ್ನು ಕೈಗೆತ್ತಿಕೊಂಡರು.

"ಓಡಬೇಡಿ. ಹಿಂದೆ ಬಸ್ ಖಾಲಿ ಬರ್ತಿದೆ."

ಎರಡು ಸೀಟಿ ಊದಿದರು.

ಬಸ್ಸು ಬಂತು, ಖಾಲಿಯೇನೂ ಇರಲಿಲ್ಲ. ಕಂಡಕ್ಟರು ಟಿಕೆಟ್ಟು ಕೊಂಡು ಕಂಬಿ ಹಿಡಿದು ಹೊಸ ಮನೆಗೆ ಬಂದಾಗ ಸಾಮಾನೆಲ್ಲ ತನ್ನ ತನ್ನ ಜಾಗದಲ್ಲಿತ್ತು, ಕನ್ನಡಿ ಬೀರು ಕಿಟಕಿಯ ಪಕ್ಕದಲ್ಲಿತ್ತು. ಮೇಸ್ತ್ರಿ ಮನಸಾರೆ ಕೈಮುಗಿದ.

"ತುಂಬಾ ಸಹಾಯ ಆಯ್ತು ಯಜಮಾನ್ರೇ. ನೀವು ಬಸ್ಸಲ್ಲಿ ಬಂದಿದ್ದಕ್ಕೆ ಕೆಲಸ ಬೇಗ ಮುಗೀತು."