ನಲವತ್ತೊಂದನೆಯ ಹನಿ

ಕುಂಬಾರಕೊಪ್ಪಲಿನ ಗುರುಮಲ್ಲಪ್ಪನವರು ಮೂವತ್ತನಾಲ್ಕು ವರ್ಷ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದವರು. ಅಟೆಂಡರ್ ಎಂದರೆ ಬಾಟಲಿ ತೊಳೆಯುವವನು ಎಂದುಕೊಂಡವರನ್ನು ಕಂಡರೆ ಅವರಿಗೆ ಮೈ ಉರಿಯುತ್ತದೆ. ಉರಿಯಲೇಬೇಕು ಬಿಡಿ. ಪರೀಕ್ಷೆಯ ಹಿಂದಿನ ದಿನ ಬಫರ್ ದ್ರಾವಣ ಬೆರೆಸಲು ಮೇಷ್ಟ್ರುಗಳೇ ಇವರನ್ನು ಹುಡುಕಿಕೊಂಡು ಬರುತ್ತಿದ್ದರು. ಬಫರ್ ಎಂದರೆ ದೊಡ್ಡ ವಿದ್ಯೆಯೇನಲ್ಲ. ಹುಳಿ ಬಿದ್ದರೂ ಕ್ಷಾರ ಬಿದ್ದರೂ ತನ್ನ ಹದ ಬಿಡದೆ ತಡೆದುಕೊಳ್ಳುವ ನೀರು, ಅಷ್ಟೆ. ಆದರೆ ಆ ತಡೆದುಕೊಳ್ಳುವುದಕ್ಕೂ ಒಂದು ಮಿತಿಯುಂಟು. ಮಿತಿ ಮುಗಿದ ಮೇಲೆ ಒಂದೇ ಹನಿ ಸಾಕು, ಬಣ್ಣ ತಿರುಗಿಬಿಡುತ್ತದೆ. ಅದನ್ನು ಅವರು ಎಷ್ಟು ಸಾವಿರ ಸಲ ನೋಡಿದ್ದರೋ.

ಈಗ ಅದೇ ಲೆಕ್ಕಾಚಾರ ಮನೆಯೊಳಗೇ ಬಂದು ಕೂತಿತ್ತು. ಹೆಂಡತಿ ನೀಲಮ್ಮನವರ ಎರಡೂ ಕಿಡ್ನಿ ಕೈಕೊಟ್ಟು ಎರಡು ವರ್ಷ. ಕಿಡ್ನಿ ಹೊರಗೆ ತಳ್ಳಬೇಕಾದ ಆಮ್ಲ ರಕ್ತದಲ್ಲೇ ಉಳಿಯುತ್ತಿತ್ತು. ರಕ್ತಕ್ಕೂ ತನ್ನದೇ ಬಫರ್ ಇದೆ, ಬೈಕಾರ್ಬನೇಟ್ ಅಂತ. ಅದು ಸವೆದಂತೆಲ್ಲ ಹೊತ್ತುಹೊತ್ತಿಗೆ ಸೋಡಾ ಮಾತ್ರೆ ನುಂಗಿ ತುಂಬಿಕೊಳ್ಳಬೇಕು. ಗುರುಮಲ್ಲಪ್ಪನವರು ಒಂದು ದಿನವೂ ಮಾತ್ರೆ ತಪ್ಪಿಸಿದವರಲ್ಲ. ಆದರೂ ಆ ತಿಂಗಳ ರಿಪೋರ್ಟಿನಲ್ಲಿ ಇಪ್ಪತ್ತೆರಡಾದರೂ ಇರಬೇಕಾದ ಬೈಕಾರ್ಬನೇಟ್ ಹದಿಮೂರಕ್ಕೆ ಇಳಿದಿತ್ತು.

ಡಾಕ್ಟರ್ ರಂಜನಿ ಮುಚ್ಚಿಡಲಿಲ್ಲ. "ಮಾತ್ರೆ ತಡೆಯೋ ಅಷ್ಟು ತಡೀತು ಕಣಮ್ಮ. ಇನ್ನು ಡಯಾಲಿಸಿಸ್ ಶುರು ಮಾಡ್ಬೇಕು. ಅದಕ್ಕೆ ಎಡಗೈಲಿ ಒಂದು ಸಣ್ಣ ಆಪರೇಷನ್ ಮಾಡಿ ರಕ್ತನಾಳ ಜೋಡಿಸ್ತೀವಿ. ಬಲಗೈ ನರ ಎಲ್ಲ ಡ್ರಿಪ್ ಹಾಕಿಸ್ಕೊಂಡು ಸೊರಗಿವೆ."

"ಎಡಗೈ ಮುಟ್ಬೇಡಿ" ಅಂದರು ನೀಲಮ್ಮ.

ಎಂಟನೆಯ ವಯಸ್ಸಿನಲ್ಲಿ ದೀಕ್ಷೆಯಾದಂದಿನಿಂದ ದಿನಾ ಬೆಳಿಗ್ಗೆ ಇಷ್ಟಲಿಂಗವನ್ನು ಆ ಎಡಗೈಯಲ್ಲಿಟ್ಟು ಪೂಜಿಸಿದ ಹೆಂಗಸು. ಚಾಕು ತಾಗಿ, ವಾರಕ್ಕೆ ಮೂರು ಸಲ ಸೂಜಿ ಚುಚ್ಚಿಸಿಕೊಂಡು ರಕ್ತ ಹರಿಸುವ ಕೈಯಲ್ಲಿ ಲಿಂಗ ಹಿಡಿಯುವುದು ಹೇಗೆ? ಗುರುಮಲ್ಲಪ್ಪನವರು ಅವರನ್ನು ಮಠಕ್ಕೂ ಕರೆದುಕೊಂಡು ಹೋದರು. "ಮಾಡಿಸ್ಕೊಳ್ಳಿ ತಾಯಿ, ಲಿಂಗಕ್ಕೆ ಮೈಲಿಗೆ ಇಲ್ಲ" ಎಂದು ಸ್ವಾಮಿಗಳು ಬಾಯಿಬಿಟ್ಟು ಹೇಳಿದರು. ನೀಲಮ್ಮ ಪಾದಕ್ಕೆರಗಿ, ಪ್ರಸಾದ ತಗೊಂಡು, ಆಟೋದಲ್ಲಿ ಕೂತ ಮೇಲೆ ಅಂದರು: "ಬುದ್ಧಿಯೋರು ದೊಡ್ಡೋರು, ಅಂಗಂದ್ರು. ನನ್ ಮನಸ್ಸು ಒಪ್ಬೇಕಲ್ರೀ. ಅಲ್ದೆ ನಂಗೇನಾಗಿದೆ? ಚೆನ್ನಾಗೇ ಇದೀನಲ್ಲ."

ಚೆನ್ನಾಗೇ ಇದೀನಿ ಅನ್ನುವ ಆ ಮಾತೇ ಗುರುಮಲ್ಲಪ್ಪನವರನ್ನು ರಾತ್ರಿಯಿಡೀ ಕೊರೆಯಿತು. ಬಫರ್ ಮುಗಿಯುವ ತನಕ ಎಲ್ಲ ಚೆನ್ನಾಗಿಯೇ ಕಾಣುತ್ತದೆ ಎಂದು ಇವಳಿಗೆ ಹೇಗೆ ಹೇಳುವುದು?

ಮಾರನೆಯ ಬೆಳಿಗ್ಗೆ ಪೂಜೆ ಮುಗಿದ ಮೇಲೆ ಅಡಿಗೆಮನೆ ಕಟ್ಟೆಯ ಮೇಲೆ ಎರಡು ಗಾಜಿನ ಲೋಟ ಇಟ್ಟರು. ಎರಡರಲ್ಲೂ ನೀರು, ಅರಿಸಿನ, ಉಗುರಿನ ತುದಿಯಷ್ಟು ಸುಣ್ಣ. ಆರತಿಯ ಓಕುಳಿಯ ಹಾಗೆ ಕೆಂಪಾಯಿತು. ಎರಡನೆಯದಕ್ಕೆ ಬಟ್ಟೆ ಒಗೆಯುವ ಸೋಡಾ ಒಂದು ಚಿಟಿಕೆ ಸೇರಿಸಿದರು.

"ಯಾರಿಗ್ರೀ ಆರತಿ?" ಎಂದು ನೀಲಮ್ಮ ನಕ್ಕರು.

"ನಿಂಗೇ. ನೋಡ್ತಾ ಇರು."

ಹನಿ ಬಿಡುವ ಫಿಲ್ಲರಿನಿಂದ ಎರಡಕ್ಕೂ ನಿಂಬೆರಸ ಬಿಟ್ಟರು. ಮೊದಲನೆಯ ಲೋಟ ಮೂರನೆಯ ಹನಿಗೇ ಹಳದಿಯಾಯಿತು. ಎರಡನೆಯದು ಹತ್ತಕ್ಕೂ ಕೆಂಪು, ಇಪ್ಪತ್ತಕ್ಕೂ ಕೆಂಪು.

"ಈ ಸೋಡಾನೇ ನಿನ್ ಮಾತ್ರೆ" ಅಂದರು ಗುರುಮಲ್ಲಪ್ಪ. "ಎಷ್ಟು ಹುಳಿ ಬಿದ್ರೂ ತಡೀತಾ ಇದೆ. ಆದ್ರೆ ಒಳಗೆ ಖಾಲಿ ಆಗ್ತಾ ಇದೆ ಕಣೆ. ಕಾಣಲ್ಲ, ಅಷ್ಟೇ. ಖಾಲಿ ಆದ್ಮೇಲೆ ಒಂದೇ ಹನಿ."

ನಲವತ್ತು ಹನಿ ಬಿದ್ದವು. ಫಿಲ್ಲರಿನ ತುದಿಯಲ್ಲಿ ನಲವತ್ತೊಂದನೆಯದು ದುಂಡಗೆ ತೂಗುತ್ತಿತ್ತು. ಹನಿ ಬಿದ್ದಲ್ಲಿ ಹಳದಿ ಮೂಡಿ ಮಾಯವಾಗುವುದು ಆಗಲೇ ತಡವಾಗುತ್ತಿತ್ತು; ಹೆಚ್ಚು ಉಳಿದಿಲ್ಲ ಎಂದು ಅವರ ಕಣ್ಣಿಗೆ ಗೊತ್ತಾಯಿತು. ಮೂವತ್ತನಾಲ್ಕು ವರ್ಷ ಅಲುಗದ ಕೈ ಅದು. ಈಗ ಬೆರಳು ಒತ್ತಲಾರದೆ ಹೋಯಿತು.

"ಬಿಡ್ರೀ, ಯಾಕೆ ನಿಲ್ಲಿಸ್ಬುಟ್ರಿ?"

ಅವರು ಫಿಲ್ಲರನ್ನು ತಟ್ಟೆಯ ಮೇಲಿಟ್ಟರು. ಹೆದರಿಸಬೇಕೆಂದು ಹೊರಟವರು ತಾವೇ ಹೆದರಿದ್ದರು.

ನೀಲಮ್ಮನವರಿಗೆ ಗೆದ್ದ ಖುಷಿ. "ನೋಡಿ, ಇನ್ನೂ ಕೆಂಪಗೇ ಐತೆ. ನಾನೂ ಅಂಗೇ. ಸುಮ್ನೆ ಎದರ್‍ಕೋತೀರ." ಅಷ್ಟು ಮಾತಿಗೇ ಏದುಸಿರು ಬಂತು, ಗೋಡೆ ಹಿಡಿದುಕೊಂಡು ಹೋಗಿ ನಡುಮನೆಯ ಮಂಚದ ಮೇಲೆ ಮಲಗಿದರು. ರಕ್ತದ ಹುಳಿಯನ್ನು ಉಸಿರಿನ ಮೂಲಕವಾದರೂ ಹೊರಹಾಕೋಣವೆಂದು ಶ್ವಾಸಕೋಶ ಒದ್ದಾಡುತ್ತಿದೆ ಎಂದು ಡಾಕ್ಟರ್ ಹೇಳಿದ್ದರು. ಗುರುಮಲ್ಲಪ್ಪನವರು ಗಡಿಯಾರ ನೋಡಿಕೊಂಡು ಉಸಿರು ಎಣಿಸಿದರು. ನಿಮಿಷಕ್ಕೆ ಇಪ್ಪತ್ತೆಂಟು.

ಸಂಜೆ ಕಾಫಿಗೆಂದು ಅಡಿಗೆಮನೆಗೆ ಹೋದಾಗ ಎರಡನೆಯ ಲೋಟ ಅಲ್ಲೇ ಇತ್ತು. ಕೆಂಪು ಹೋಗಿತ್ತು. ಮಾಸಲು ಹಳದಿ ನೀರು, ತಳದಲ್ಲಿ ಅರಿಸಿನದ ಗಸಿ. ಯಾರೂ ಹನಿ ಬಿಟ್ಟಿರಲಿಲ್ಲ. ನಿಂತಲ್ಲೇ ತನ್ನಷ್ಟಕ್ಕೆ ಬಣ್ಣ ಕಳೆದುಕೊಂಡಿತ್ತು. ಓಕುಳಿ ಇಟ್ಟರೆ ಮಾಸುತ್ತದೆ, ಅದು ಅವರಿಗೂ ಗೊತ್ತಿದ್ದದ್ದೇ. ಆದರೂ ಲೋಟ ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ರೀ," ನಡುಮನೆಯಿಂದ ನೀಲಮ್ಮ ಕೂಗಿದರು, ಒಂದೊಂದು ಮಾತಿಗೂ ಉಸಿರು ತಗೊಂಡು, "ಇನ್ನೂ... ಕೆಂಪಗೇ... ಐತಾ?"

ಗುರುಮಲ್ಲಪ್ಪನವರು ಲೋಟದ ನೀರನ್ನು ಸಪ್ಪಳವಾಗದಂತೆ ಸಿಂಕಿಗೆ ಬಗ್ಗಿಸಿದರು.

"ಐತೆ ಕಣೆ, ಕೆಂಪಗೇ ಐತೆ" ಅಂದರು.