ಗಂಗತ್ತಿ ತುಂಬಿದ ಉಡಿ

ಮೊನ್ನೆ ಮುದ್ದೇಬಿಹಾಳದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಎಲ್ಲಿಂದಲೋ ಹಸಿ ಸುಣ್ಣದ ವಾಸನೆ ಬಂತು. ಹಿಂದಿನ ಓಣಿಯಲ್ಲಿ ಯಾರೋ ಹಳೆಯ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಈಗ ಎಲ್ಲರಿಗೂ ಡಬ್ಬಿಯ ಬಣ್ಣವೇ ಬೇಕು. ಅದರ ವಾಸನೆಗೆ ನನಗೆ ತಲೆ ಸಿಡಿಯುತ್ತದೆ. ಸುಣ್ಣ ಹಾಗಲ್ಲ. ಮೂಗಿಗೆ ತಂಪಾಗಿ, ಗಂಟಲಿಗೆ ಸ್ವಲ್ಪ ಖಾರವಾಗಿ ಇಳಿಯುತ್ತದೆ. ನನ್ನ ಬಸ್ಸು ಬಂದು ಹೋಯಿತು, ನಾನು ಹತ್ತಲಿಲ್ಲ. ಎಪ್ಪತ್ತರ ದಶಕದ ತಂಗಡಗಿಯ ನಮ್ಮ ಮನೆ, ಮೊಣಕೈವರೆಗೆ ಸುಣ್ಣ ಮೆತ್ತಿಕೊಂಡ ಗಂಗತ್ತಿ, ಅವಳು ಒಂದು ಮಧ್ಯಾಹ್ನ ಮಾಡಿದ ಕೆಲಸ, ಎಲ್ಲ ಕಣ್ಣ ಮುಂದೆ ಬಂದವು.

ಗಂಗತ್ತಿ ಅಪ್ಪನ ತಂಗಿ. ಅಗರಖೇಡಕ್ಕೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಅವಳನ್ನು ತವರಿಗೆ ತಂದುಬಿಟ್ಟು ಇನ್ನೊಬ್ಬಳನ್ನು ಮಾಡಿಕೊಂಡ. ನನಗೆ ಬುದ್ಧಿ ಬಂದಾಗಿನಿಂದ ಅವಳು ನಮ್ಮಲ್ಲೇ ಇದ್ದಳು. ಯಾರ ಕಡೆಯ ಬೀಗರಾಗಲಿ, ಬರುತ್ತಾರೆಂದರೆ ಸಾಕು, ಅವಳ ಮುಖವೇ ಬೇರೆಯಾಗುತ್ತಿತ್ತು. ಸೆರಗು ಸಿಕ್ಕಿಸಿಕೊಂಡು ಕೌದಿಗಳನ್ನು ಹೊಳೆಗೆ ಒಯ್ದು ಒಗೆಯುವಳು, ಹಿತ್ತಾಳೆ ತಂಬಿಗೆಗಳನ್ನು ಹುಣಸೆಹಣ್ಣು, ಬೂದಿ ಹಚ್ಚಿ ಬೆಳಗುವಳು, ಪಡಸಾಲೆಯನ್ನು ಸೆಗಣಿಯಿಂದ ಸಾರಿಸಿ ಅಂಚಿಗೆ ಕೆಮ್ಮಣ್ಣಿನ ಪಟ್ಟಿ ಎಳೆಯುವಳು. ಅವಸರವೆಂಬುದೇ ಇಲ್ಲ. ಕೈ ನೆಲದ ಮೇಲೆ ಅರ್ಧಚಂದ್ರ ಬಿಡಿಸುತ್ತ ಹಿಂದೆ ಹಿಂದೆ ಸರಿಯುತ್ತಿದ್ದರೆ ನೋಡುತ್ತ ಕೂತ ನನಗೇ ಜೊಂಪು ಹತ್ತುತ್ತಿತ್ತು. "ಹಸಿ ನೆಲದ ಮ್ಯಾಲೆ ಕಾಲಿಟ್ಟಿ ಅಂದ್ರ ಕಾಲು ಮುರಿತೇನಿ ನೋಡು" ಎನ್ನುತ್ತಿದ್ದಳು. ಎಷ್ಟು ಸಲ ಇಟ್ಟೆನೋ, ಒಂದು ಸಲವೂ ಮುರಿಯಲಿಲ್ಲ ಪುಣ್ಯಾತ್ಗಿತ್ತಿ.

ಒಂದು ದಿನ ಅಗರಖೇಡದಿಂದ ಸುದ್ದಿ ಬಂತು. ಆ ಎರಡನೆಯವಳು ಜ್ವರ ಬಂದು ಸತ್ತಿದ್ದಳು, ಎರಡು ಸಣ್ಣ ಮಕ್ಕಳು ಉಳಿದಿದ್ದವು. ಬರುವ ಸೋಮವಾರ ಗಂಗತ್ತಿಯನ್ನು ಕರೆದೊಯ್ಯಲು ಬರುತ್ತಾರಂತೆ. ಆಯಿ, ಅಂದರೆ ಅಪ್ಪನ ತಾಯಿ, "ನನ್ನ ಮಗಳ ದೈವ ತೆರೀತು" ಎಂದು ಬಾಗೇವಾಡಿ ಬಸವಣ್ಣನಿಗೆ ಕಾಯಿ ಹರಕೆ ಹೊತ್ತಳು. ಗಂಗತ್ತಿ ಹ್ಞೂಂ ಅನ್ನಲಿಲ್ಲ, ಊಹ್ಞೂಂ ಅನ್ನಲಿಲ್ಲ. ಸುಣ್ಣ ನೆನೆಹಾಕಿದಳು. ಯಾವತ್ತೂ ಬಳಿಯದ ಹಿಂದಿನ ಗೋಡೆಗೂ ಬಳಿದಳು. "ಗಂಡನ ಮನಿಗೆ ಹೊಂಟಾಳಂತ ಎಷ್ಟ ಹುರುಪು ನೋಡ್ರಿ" ಎಂದು ಓಣಿಯ ಹೆಂಗಸರು ಕಾಡಿದರೆ ನಕ್ಕು ಸುಮ್ಮನಾಗುವಳು. ನನಗೆ ಆ ನಗುವನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ನನ್ನನ್ನು ಬಿಟ್ಟು ಹೋಗುವವಳಿಗೆ ಇಷ್ಟು ಸಂತೋಷವೇ ಎಂದು ಹಿತ್ತಲಲ್ಲಿ ಕೂತು ಅತ್ತು, ಅವಳ ಜೊತೆ ಟೂ ಬಿಟ್ಟೆ.

ಸೋಮವಾರ ಮಾಮಾ, ಅಂದರೆ ಗಂಗತ್ತಿಯ ಗಂಡ, ಬಂದ, ಜೊತೆಗೆ ಅವನ ಅಣ್ಣನ ಹೆಂಡತಿ, ಗಂಗತ್ತಿಯ ನೆಗೆಣ್ಣಿ. ಗಂಗತ್ತಿಯೇ ಕಾಲಿಗೆ ನೀರು ಕೊಟ್ಟಳು, ಜಮಖಾನ ಹಾಸಿದಳು, ಶೇಂಗಾ ಹೋಳಿಗೆಗೆ ಕೈಬಿಚ್ಚಿ ತುಪ್ಪ ಸುರಿದಳು. ಊಟವಾದ ಮೇಲೆ ಆಯಿ ಮಣೆ ಹಾಕಿ, ಮಗಳ ಉಡಿ ತುಂಬಿ ಕಳಿಸಲು ಅಕ್ಕಿ, ಕಾಯಿ, ಅರಿಷಿಣ ಕೊಂಬು, ಖಣ ಇಟ್ಟ ತಾಟು ತಂದಳು. "ಬಾರವಾ ಗಂಗಾ, ಕುಂದ್ರು" ಎಂದಳು. ಗಂಗತ್ತಿ ಬಂದು ತಾಟನ್ನು ಆಯಿಯ ಕೈಯಿಂದ ಇಸಿದುಕೊಂಡಳು. ತಿರುಗಿ ನೆಗೆಣ್ಣಿಗೆ, "ಅಕ್ಕಾ, ನೀವ ಕುಂದರ್ರಿ" ಎಂದಳು. ಆ ಹೆಂಗಸು ಏನೂ ತಿಳಿಯದೆ ಕೂತಳು, ರೂಢಿಯಂತೆ ಸೆರಗೊಡ್ಡಿದಳು. ಗಂಗತ್ತಿ ಕುಂಕುಮ ಹಚ್ಚಿ, ತಾಟಿನಲ್ಲಿದ್ದದ್ದೆಲ್ಲವನ್ನೂ ಅವಳ ಉಡಿಗೆ ಸುರಿದಳು.

"ಹಿಂಗ್ಯಾಕ ಗಂಗವ್ವಾ?"

"ಬಂದಾಕಿಗೆ ಉಡಿ ತುಂಬತಾರ್ರಿ ಅಕ್ಕಾ. ನೀವು ಬಂದಾಕಿ, ನಾ ಈ ಮನ್ಯಾಕಿ. ನಾ ಬರಂಗಿಲ್ಲ."

ಮಾಮಾ ಅಪ್ಪನ ಮುಖ ನೋಡಿದ, ಅಪ್ಪ ಗೋಡೆ ನೋಡಿದ. ನನಗೆ ಕುಣಿಯಬೇಕೆನಿಸಿತು, ಆದರೆ ಬಾಗಿಲ ಮರೆಗೆ ಸರಿದು ನಿಂತೆ. ಹೆಣ್ಣೊಬ್ಬಳು ಹಾಗೆ ಮಾತಾಡಬಹುದೆಂಬುದು ನಮ್ಮ ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉಡಿಗೆ ಬಿದ್ದದ್ದನ್ನು ಕೆಳಗೆ ಹಾಕುವಂತಿಲ್ಲ. ಆ ಹೆಂಗಸು ಸೆರಗು ಗಂಟು ಹಾಕಿಕೊಂಡು ಎದ್ದಳು. ಆ ಮಕ್ಕಳಿಗೆಂದು ಗಂಗತ್ತಿ ಹೋಳಿಗೆಯ ಗಂಟನ್ನೂ ಕೊಟ್ಟಳು. ಅವರು ಹೋದ ಮೇಲೆ ಆಯಿ ಹಣೆ ಹಣೆ ಬಡಿದುಕೊಂಡಳು. "ಮತ್ತ ಇಷ್ಟ ದಿನಾ ಮನಿ ಯಾಕ ಹಸನ ಮಾಡಿದಿ?"

"ಮಂದಿ ಬರ್ತಾರಂದ್ರ ಮನಿ ಹಸನ ಇರಬೇಕ ಬೇ. ಸುಣ್ಣಾ ಬಳಿಯೂಮುಂದ ಸಮಾಧಾನಲೆ ವಿಚಾರ ಮಾಡಿದೆ. ಒಂದೊಂದ ಗೋಡಿ ಬಳಿದಂಗ, ಇದನ್ನ ಬಿಟ್ಟು ಎಲ್ಲಿಗೆ ಹೋಗ್ಲಿ ಅನಿಸ್ತು."

ಆಯಿ ಎಷ್ಟೋ ದಿನ ಅವಳೊಡನೆ ಮಾತು ಬಿಟ್ಟಳು. ಅಗರಖೇಡದಿಂದ ಮತ್ತೆ ಯಾರೂ ಬರಲಿಲ್ಲ. ಗಂಗತ್ತಿ ಮಾತ್ರ ಉಳಿದ ಬೀಗರಿಗಾಗಿ ಸಾರಿಸುತ್ತ, ಬಳಿಯುತ್ತ, ನನ್ನ ಮದುವೆಗೂ ಆ ಮನೆಯನ್ನು ಒಪ್ಪ ಮಾಡಿದಳು. ನಿಮ್ಮ ಮನೆಯಲ್ಲೂ ಇಂಥ ಒಬ್ಬಳು ಇದ್ದಿರಬೇಕು. ಅವಳು ಇರುವಷ್ಟು ದಿನ ನೆಲ ಯಾರು ಸಾರಿಸಿದರೆಂದು ನಾವು ಕೇಳುವುದಿಲ್ಲ.

ಅವಳು ತೀರಿಕೊಂಡ ಸುದ್ದಿ ಕೇಳಿ ಸಿಂದಗಿಯಿಂದ ಓಡೋಡಿ ಬಂದೆ. ಅಂಗಳ, ಕಟ್ಟೆ, ಪಡಸಾಲೆ ಎಲ್ಲ ಕಡೆ ಮಂದಿ. ಆ ಮನೆಗೆ ಅಷ್ಟು ಜನ ಬಂದದ್ದನ್ನು ನಾನೆಂದೂ ಕಂಡಿರಲಿಲ್ಲ. ನೆಲ ಸಾರಿಸಿರಲಿಲ್ಲ, ಕಸ ಕಾಲಿಗೆ ಹತ್ತುತ್ತಿತ್ತು, ಬಂದವರಿಗೆ ಒಂದು ಜಮಖಾನವನ್ನೂ ಯಾರೂ ಹಾಸಿರಲಿಲ್ಲ. ನಾನು ನೇರ ಒಳಗೆ ಹೋಗಿ ಅವಳ ಭುಜ ಹಿಡಿದು ಅಲುಗಾಡಿಸಿದೆ.

"ಅತ್ತಿ, ಮಂದಿ ಬಂದಾರ, ಏಳ" ಎಂದೆ.