‘ಸುಮ್‌ಸುಮ್ನೆ’ ಅನ್ನೋ ಮಾತನ್ನ ಒಪ್ಪದ ರಿಪೇರಿ ಅಕ್ಕ

ಬೆಳಗ್ಗೆ ಆರಕ್ಕೆ ಇನ್ನೂ ಹತ್ತು ನಿಮಿಷ ಇದೆ. ಅಂಧ ಮಕ್ಕಳ ಶಾಲೆಯ ಪ್ರಿಂಟಿಂಗ್ ರೂಮಲ್ಲಿ, ಮೇಜಿನ ಪಕ್ಕ, ನೆಲದ ಮೇಲೆ ಚಕ್ಕಳಮಕ್ಕಳ ಹಾಕ್ಕೊಂಡು ಒಬ್ಬರು ಹೆಂಗಸು ಕೂತಿದಾರೆ. ಪಕ್ಕದಲ್ಲಿ ಟೂಲ್ ಬಾಕ್ಸ್ ಇದೆ, ಮುಚ್ಚಳ ಇನ್ನೂ ತೆಗೆದಿಲ್ಲ. ಎದುರಿಗೆ ಕಂಪ್ಯೂಟರ್ ಡಬ್ಬ ನೆಟ್ಟಗೆ ನಿಂತಿದೆ, ಕೆಲಸ ಮಾಡ್ತಾ ಇದೆ. ಅವರು ಏನ್ ಮಾಡ್ತಿದಾರೆ ಗೊತ್ತಾ? ಏನೂ ಮಾಡ್ತಿಲ್ಲ. ಕಾಯ್ತಿದಾರೆ, ಅಷ್ಟೆ. ಅದು ಆಫ್ ಆಗೋದನ್ನೇ ಕಾಯ್ತಿದಾರೆ.

ಎಲ್ರೂ ಅವರನ್ನ ರಿಪೇರಿ ಅಕ್ಕ ಅಂತಾರೆ. ವಯಸ್ಸು ನಲವತ್ತನಾಲ್ಕು. ದಿನಾ ಐದಾರು ಕಂಪ್ಯೂಟರ್ ನೋಡ್ತಾರೆ. ಅದರಲ್ಲಿ ಕಮ್ಮಿ ಅಂದ್ರೂ ಎರಡು ಒಂದೇ ಕಾಯಿಲೆಯವು: ಕೆಲಸ ಮಾಡ್ತಾ ಮಾಡ್ತಾ ಗಪ್ ಅಂತ ನಿಂತು, ತಾನಾಗೇ ಮತ್ತೆ ಆನ್ ಆಗೋದು. ಬೇರೆ ರಿಪೇರಿಯವರು ಈ ಕೇಸ್ ಅಂದ್ರೆ ಮಾರುದೂರ ಓಡ್ತಾರೆ. ಪೂರ್ತಿ ಕೆಟ್ಟುಹೋಗಿದ್ರೆ ಏನ್ ಕೆಟ್ಟಿದೆ ಅಂತ ಹುಡುಕಬಹುದು. ಇದು ನೋಡಿದಾಗೆಲ್ಲ ಚೆನ್ನಾಗೇ ಇರುತ್ತೆ, ತಿರುಗಿದ ತಕ್ಷಣ ಕೈ ಕೊಡುತ್ತೆ. ಡಾಕ್ಟರ್ ಮುಂದೆ ಮಾತ್ರ ಜ್ವರ ಬಿಡೋ ಮಗು ಇರುತ್ತಲ್ಲ, ಹಾಗೆ!

ಬೆಳಗಿನ ಜಾವಾನೇ ಯಾಕೆ ಅಂತ ಕೇಳಿದೆ. “ರಾತ್ರಿಯೆಲ್ಲ ತಣ್ಣಗಾಗಿರುತ್ತೆ ನೋಡಿ. ತಣ್ಣಗಿದ್ದಾಗಿನಿಂದ ನೋಡಿದ್ರೆ ಯಾವಾಗ ಬಿಸಿ ಆಗುತ್ತೆ, ಯಾವಾಗ ರಗಳೆ ಶುರು ಮಾಡುತ್ತೆ, ಎಲ್ಲಾ ಗೊತ್ತಾಗುತ್ತೆ. ಹತ್ತು ಗಂಟೆ ಮೇಲೆ ಬಂದ್ರೆ ಅರ್ಧ ಕಥೆ ಮುಗಿದಿರುತ್ತೆ” ಅಂತಾರೆ.

ಇವತ್ತಿನ ಕಥೆ ಮಾತ್ರ ಸಣ್ಣದಲ್ಲ. ಇವತ್ತು ಗುರುವಾರ. ಸೋಮವಾರ ಮಕ್ಕಳಿಗೆ ಪರೀಕ್ಷೆ. ಅರವತ್ತಮೂರು ಮಕ್ಕಳು, ಆರು ವಿಷಯ. ಪ್ರಶ್ನೆಪತ್ರಿಕೆ ಬ್ರೈಲ್‌ನಲ್ಲಿ, ಅಂದ್ರೆ ಬೆರಳಲ್ಲಿ ಮುಟ್ಟಿ ಓದೋ ಉಬ್ಬು ಚುಕ್ಕಿಗಳಲ್ಲಿ, ಅಚ್ಚಾಗಬೇಕು. ಆ ದಪ್ಪ ಕಾಗದದ ಮೇಲೆ ಧಡಧಡ ಅಂತ ಚುಕ್ಕಿ ಕುಟ್ಟೋ ಪ್ರಿಂಟರ್ ಇರೋದು ಒಂದೇ, ಅದು ಮಾತು ಕೇಳೋದು ಈ ಒಂದೇ ಹಳೇ ಕಂಪ್ಯೂಟರಿಂದು. ಎರಡು ತಿಂಗಳಿಂದ ಅದು ನಡುವಲ್ಲೇ ಆಫ್ ಆಗ್ತಿದೆ. ಪುಟ ಅರ್ಧಕ್ಕೆ ನಿಲ್ಲುತ್ತೆ, ಮತ್ತೆ ಮೊದಲಿಂದ.

“ಅಚ್ಚಾಗಲಿಲ್ಲ ಅಂದ್ರೆ ಹೋದ ವರ್ಷ ಪ್ರಿಂಟರ್ ಕೆಟ್ಟಿದ್ದಾಗ ಆದ ಥರಾನೇ ಆಗುತ್ತೆ” ಅಂತಾರೆ ಬಾಗಿಲಲ್ಲಿ ನಿಂತಿರೋ ಹೆಡ್‌ಮೇಡಂ. “ಯಾರೋ ಒಬ್ಬರು ನಿಂತ್ಕೊಂಡು ಪ್ರಶ್ನೆ ಓದಿ ಹೇಳೋದು, ಮಕ್ಕಳು ಕೇಳಿಸಿಕೊಂಡು ಬರೆಯೋದು. ಕೇಳಿಸಲಿಲ್ಲ ಅಂದ್ರೆ ಹೋಯ್ತು. ಒಂದು ಮಗು ಬಂದು, ‘ಮೇಡಂ, ನಂಗೆ ಮೂರನೇ ಪ್ರಶ್ನೆ ಇನ್ನೊಂದ್ಸಲ ಬೇಕಿತ್ತು, ಆದ್ರೆ ಅವರು ಹದಿನಾಲ್ಕಕ್ಕೆ ಹೋಗ್ಬಿಟ್ಟಿದ್ರು’ ಅಂತು. ಏನ್ ಹೇಳ್ಲಿ ನಾನು?”

ಇದೇ ಕಂಪ್ಯೂಟರ್ ಎರಡು ತಿಂಗಳಲ್ಲಿ ಮೂರು ಸಲ ರಿಪೇರಿ ಅಕ್ಕನ ಅಂಗಡಿಗೆ ಹೋಗಿಬಂದಿದೆ. ಅಂಗಡಿ ಅಂದ್ರೆ ಮೆಟ್ಟಿಲ ಕೆಳಗಿನ ಜಾಗ, ಒಂದು ಬೆಂಚು, ಒಂದು ಟ್ಯೂಬ್‌ಲೈಟು. ಮೊದಲ ಸಲ ಮೆಮೊರಿ ಬದಲಾಯಿಸಿದ್ರು. ಎರಡನೇ ಸಲ ಕರೆಂಟ್ ಕೊಡೋ ಡಬ್ಬಿ. ಮೂರನೇ ಸಲ ವಿಂಡೋಸ್ ಹೊಸದಾಗಿ ಹಾಕಿದ್ರು. ಮೂರೂ ಸಲ ಬೆಂಚಿನ ಮೇಲೆ ದಿನವಿಡೀ ಓಡಿತು, ಒಂದೇ ಒಂದು ಸಲಾನೂ ಆಫ್ ಆಗಲಿಲ್ಲ. ವಾಪಸ್ ಶಾಲೆಗೆ ತಂದ್ರೆ ಮಾರನೇ ದಿನವೇ ಹಳೇ ಚಾಳಿ.

“ನಂಗೇ ನಾಚಿಕೆ ಆಗ್ಬಿಟ್ಟಿತ್ತು ಕಣ್ರೀ. ಅದಕ್ಕೇ ಈ ಸಲ ಅದನ್ನ ಕರ್ಕೊಂಡು ಹೋಗಲ್ಲ, ನಾನೇ ಬರ್ತೀನಿ ಅಂದೆ.”

ಅವರು ಈ ಕೆಲಸಕ್ಕೆ ಬಂದಿದ್ದೇ ಪೊರಕೆ ಹಿಡ್ಕೊಂಡು. ಇಪ್ಪತ್ತು ವರ್ಷದ ಹಿಂದೆ ಒಂದು ಕಂಪ್ಯೂಟರ್ ಕ್ಲಾಸಲ್ಲಿ ಕಸ ಗುಡಿಸಿ ನೆಲ ಒರೆಸ್ತಿದ್ರು. ಮೂಲೆಯ ಕಂಪ್ಯೂಟರ್ ದಿನಾ ಆಫ್ ಆಗೋದು. “ಸುಮ್‌ಸುಮ್ನೆ ಆಫ್ ಆಗುತ್ತೆ” ಅಂತ ಮೇಷ್ಟ್ರು ತಲೆ ಚಚ್ಕೊಳ್ತಿದ್ರು. ನೆಲ ಒರೆಸೋಕೆ ಮಂಡಿ ಊರಿ ಮೇಜಿನ ಕೆಳಗೆ ಹೋಗ್ತಿದ್ದಿದ್ದು ಇವರೊಬ್ಬರೇ. ಪ್ಲಗ್ ಸಡಿಲ ಇರೋದನ್ನೂ, ಪಕ್ಕದವರು ಕಾಲು ಚಾಚಿದಾಗೆಲ್ಲ ಅದು ಅಲ್ಲಾಡೋದನ್ನೂ ನೋಡಿದ್ದು ಇವರೇ.

“ಅವತ್ತೇ ತಲೇಲಿ ಕೂತ್ಬಿಡ್ತು. ಸುಮ್‌ಸುಮ್ನೆ ಅನ್ನೋದು ಯಾವ್ದೂ ಇಲ್ಲ. ನಮಗೆ ಕಾಣಿಸಿಲ್ಲ ಅಂತ ಹೇಳೋಕೆ ಮುಜುಗರ ನೋಡಿ, ಅದಕ್ಕೆ ಸುಮ್‌ಸುಮ್ನೆ ಅಂತೀವಿ.”

ಆಮೇಲೆ ಅದೇ ಕ್ಲಾಸಲ್ಲಿ ಕಿಟಕಿ ಒರೆಸ್ತಾ ಒರೆಸ್ತಾ ಪಾಠ ಕೇಳಿದಾರೆ. ಕೆಟ್ಟ ಡಬ್ಬಗಳನ್ನ ಮನೆಗೆ ಹೊತ್ಕೊಂಡು ಹೋಗಿ ಬಿಚ್ಚಿದಾರೆ. ಅಂಗಡಿ ಶುರು ಮಾಡಿ ಹದಿನಾಲ್ಕು ವರ್ಷ ಆಗಿದೆ, ಇವತ್ತಿಗೂ ಬಾಗಿಲಿಗೆ ಬಂದವರು “ಯಜಮಾನ್ರು ಇಲ್ವಾ?” ಅಂತಾರಂತೆ. “ಬಸ್ ಓಡಿಸೋಕೆ ಹೋಗಿದಾರೆ, ಬಸ್ ಕೆಟ್ಟಿದ್ರೆ ಹೇಳಿ ಕರೆಸ್ತೀನಿ ಅಂತೀನಿ” ಅಂತ ನಗ್ತಾರೆ.

ಮನೇಲಿ ಅವರ ಅತ್ತೆದು ಬೇರೆ ದೂರು. “ಊರವರ ಕಂಪ್ಯೂಟರ್‌ಗೆಲ್ಲ ಜೀವ ಕೊಡ್ತಾಳೆ ನನ್ನ ಸೊಸೆ. ನಮ್ಮನೆ ಮಿಕ್ಸಿ ಕೆಟ್ಟು ಎರಡು ವರ್ಷ ಆಯ್ತು. ಕೇಳಿದ್ರೆ, ‘ಅತ್ತೆ, ಅದು ಯಾವಾಗ್ಯಾವಾಗ ನಿಲ್ಲುತ್ತೆ ಬರೆದಿಡಿ’ ಅಂತಾಳೆ. ನಾನು ಚಟ್ನಿ ರುಬ್ಲೋ, ಡೈರಿ ಬರೀಲೋ?”

ಈಗ ಪ್ರಿಂಟಿಂಗ್ ರೂಮಿಗೆ ವಾಪಸ್ ಬರೋಣ. ಪ್ರಿಂಟರ್ ಧಡಧಡ ಕುಟ್ತಿದೆ, ಮೇಜು ಗಡಗಡ ನಡುಗ್ತಿದೆ. ಕುರ್ಚಿಯಲ್ಲಿ ಚುಕ್ಕಿ ಅಣ್ಣ ಕೂತಿದಾರೆ. ಹುಟ್ಟಿನಿಂದ ಕಣ್ಣು ಕಾಣಲ್ಲ. ಹನ್ನೊಂದು ವರ್ಷದಿಂದ ಈ ಪ್ರಿಂಟರ್ ಓಡಿಸ್ತಿರೋರು ಅವರೇ. ಚುಕ್ಕಿ ಅಣ್ಣ ಅನ್ನೋದು ಮಕ್ಕಳು ಇಟ್ಟ ಹೆಸರು.

ಆರು ನಲವತ್ತಕ್ಕೆ ಗಪ್! ಸ್ಕ್ರೀನು ಕಪ್ಪಾಗಿ, ಒಂದು ಕ್ಷಣ ಬಿಟ್ಟು ಮತ್ತೆ ಆನ್ ಆಗೋಕೆ ಶುರುವಾಯ್ತು.

“ನೋಡಿದ್ರಾ? ಸುಮ್‌ಸುಮ್ನೆ ಹೀಗೇ ಮಾಡುತ್ತೆ” ಅಂದ್ರು ಹೆಡ್‌ಮೇಡಂ.

“ಸುಮ್‌ಸುಮ್ನೆ ಅಲ್ಲ ಮೇಡಂ” ಅಂದ್ಕೊಂಡು ಅಕ್ಕ ಕುರ್ಚಿ ಕಡೆ ತಿರುಗಿದ್ರು. ಆಮೇಲೆ ಕೇಳಿದ್ದನ್ನ ಎರಡು ತಿಂಗಳಲ್ಲಿ ಯಾರೂ ಕೇಳಿರಲಿಲ್ಲ. “ಅಣ್ಣಾ, ಇದು ಆಫ್ ಆಗೋ ಮುಂಚೆ ನಿಮಗೇನಾದ್ರೂ ಗೊತ್ತಾಗುತ್ತಾ?”

ಚುಕ್ಕಿ ಅಣ್ಣ ಥಟ್ಟಂತ ಅಂದ್ರು: “ಗೊತ್ತಾಗುತ್ತಲ್ಲ! ಮೊಣಕಾಲಿಗೆ ಗೊತ್ತಾಗುತ್ತೆ.”

“ಮೊಣಕಾಲಿಗಾ?”

“ಹೂಂ ಅಕ್ಕಾ. ಡಬ್ಬ ನನ್ನ ಮೊಣಕಾಲಿಗೆ ಒರಗಿರುತ್ತೆ. ಸಣ್ಣಗೆ ಗುಂಯ್ ಅಂತಿರುತ್ತೆ. ಒಂದು ಪುಟ ಮುಗಿದು ಪ್ರಿಂಟರ್ ತೆಪ್ಪಗಾದಾಗ ಆ ಗುಂಯ್ ಇಲ್ಲ ಅಂದ್ರೆ ಮುಗೀತು, ಇನ್ನೊಂದು ನಿಮಿಷಕ್ಕೆ ಆಫ್. ಈಗ್ಲೂ ಹಂಗೇ ಆಯ್ತು.”

“ಮೊದಲೇ ಹೇಳಬಾರ್ದಾ ಮಾರಾಯಾ!” ಅಂತ ಹೆಡ್‌ಮೇಡಂ ಕೂಗೇಬಿಟ್ರು.

“ಯಾರು ಕೇಳಿದ್ರು ಮೇಡಂ? ಎಲ್ರೂ ‘ನೀವು ಸ್ವಲ್ಪ ಎದ್ದೇಳಿ, ನಾವು ನೋಡ್ತೀವಿ’ ಅಂದ್ರು. ನೋಡೋರ ಮಧ್ಯೆ ನಂದೇನು?”

ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ್ರು ಅಂತಾರಲ್ಲ, ಇದೇ ಅದು!

ಗುಂಯ್ ಅನ್ನೋದು ಒಳಗಿನ ಫ್ಯಾನು. ಪ್ರೊಸೆಸರ್ ಅಂದ್ರೆ ಕಂಪ್ಯೂಟರ್ ಮಿದುಳು, ಅದನ್ನ ತಣ್ಣಗಿಡೋ ಫ್ಯಾನದು. ಅದು ನಿಂತ್ರೆ ಮಿದುಳು ಕಾದು ಕೆಂಡ ಆಗುತ್ತೆ, ಸುಟ್ಟುಹೋಗೋ ಮುಂಚೆ ಕಂಪ್ಯೂಟರ್ ತನ್ನನ್ನ ತಾನೇ ಆಫ್ ಮಾಡ್ಕೊಳ್ಳುತ್ತೆ. ಸರಿ, ಆದ್ರೆ ಬೆಂಚಿನ ಮೇಲೆ ದಿನವಿಡೀ ತಿರುಗಿದ ಫ್ಯಾನು ಇಲ್ಲಿ ಬಂದು ಯಾಕೆ ನಿಲ್ಲುತ್ತೆ?

ಅಕ್ಕ ಆಗ ಟೂಲ್ ಬಾಕ್ಸ್ ತೆಗೆದ್ರು. ಡಬ್ಬ ಮಲಗಿಸಲಿಲ್ಲ, ಪಕ್ಕದ ಮುಚ್ಚಳಾನೂ ಪೂರ್ತಿ ತೆಗೀಲಿಲ್ಲ. ಎರಡು ಬೆರಳಷ್ಟು ಸರಿಸಿ, ಕೆನ್ನೆ ನೆಲಕ್ಕಿಟ್ಟು ಟಾರ್ಚ್ ಬಿಟ್ರು. ಒಂದು ನಿಮಿಷ, ಎರಡು ನಿಮಿಷ. ಆಮೇಲೆ ಒಳಗೆ ಕೈ ಹಾಕಿ ಒಂದು ಸಣ್ಣ ಕರೀ ವೈರ್ ಹಿಡಿದು ತೋರಿಸಿದ್ರು. ಅದರ ಮೇಲೆ ಇಲಿ ಕಡಿದ ಹಾಗೆ ಸಾಲಾಗಿ ಗೀರು. ಫ್ಯಾನಿನ ರೆಕ್ಕೆ ಕೊಯ್ದಿರೋ ಗುರುತು.

ಅವರ ಮುಖ ಯಾಕೆ ಅಷ್ಟು ಸಣ್ಣಗಾಯ್ತು ಅಂತ ಆಗ ನಂಗೆ ಅರ್ಥ ಆಗಲಿಲ್ಲ. ಅವರೇ ಹೇಳಿದ್ರು, ಎಲ್ಲರ ಎದುರಿಗೆ.

“ಮೇಡಂ, ಇದು ನನ್ನ ತಪ್ಪು. ಎರಡು ತಿಂಗಳ ಹಿಂದೆ ರಜೆಯಲ್ಲಿ ಇದರ ಧೂಳು ಹೊಡೆಯೋಕೆ ಬಂದಿದ್ದೆನಲ್ಲ, ಬ್ರಷ್ ಹೋಗಲಿ ಅಂತ ಈ ವೈರ್ ಕಟ್ಟಿದ್ದ ಪಟ್ಟಿ ಕತ್ತರಿಸಿದ್ದೆ. ವಾಪಸ್ ಕಟ್ಟೋದು ಮರೆತಿದೀನಿ. ಬೆಂಚಲ್ಲಿ ಮುಚ್ಚಳ ತೆಗೆದು, ಡಬ್ಬ ಮಲಗಿಸಿ, ವೈರನ್ನೆಲ್ಲ ಆಚೆ ಎಳೆದಿಟ್ಟು ನೋಡ್ತಿದ್ದೆ. ಅಲ್ಲಿ ಫ್ಯಾನಿಗೆ ಏನೂ ತಾಗಲ್ಲ. ಇಲ್ಲಿ ಮುಚ್ಚಳ ಹಾಕಿ ನಿಲ್ಲಿಸಿದ್ರೆ ವೈರ್ ಒಳಗೆ ತೂಗಾಡುತ್ತೆ. ಪ್ರಿಂಟರ್ ಕುಟ್ಟಿದಾಗ ಅಲ್ಲಾಡಿ, ಒಂದೊಂದ್ಸಲ ರೆಕ್ಕೆಗೆ ಸಿಕ್ಕಿಹಾಕ್ಕೊಳ್ಳುತ್ತೆ. ಮತ್ತೆ ಆನ್ ಆಗೋವಾಗ ಫ್ಯಾನೇ ಗುದ್ದಿ ಅದನ್ನ ಆಚೆ ತಳ್ಳುತ್ತೆ. ಅದಕ್ಕೇ ಕೈಗೆ ಸಿಗಲಿಲ್ಲ.”

ಸುಮ್ನೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ. ಹಳೇ ಮಷೀನು, ವೈರ್ ಜಾರಿದೆ ಅಂದಿದ್ರೆ ಹೆಡ್‌ಮೇಡಂ ಕೈ ಮುಗಿದು ಕಳಿಸ್ತಿದ್ರು. ಕುಂಬಳಕಾಯಿ ಕಳ್ಳ ಅನ್ನೋ ಮುಂಚೆನೇ ಹೆಗಲು ಮುಟ್ಟಿ ತೋರಿಸಿದ್ರು ಇವರು! ಹೆಡ್‌ಮೇಡಂ ಬಗ್ಗಿ ಆ ಗೀರನ್ನ ನೋಡಿದ್ರು. ಎರಡು ತಿಂಗಳ ಸಿಟ್ಟು ಮುಖದ ಮೇಲೆ ಬಂದು ಹೋಯ್ತು. ಆಮೇಲೆ “ಈಗ ಆಗುತ್ತಾ?” ಅಂತ ಮಾತ್ರ ಕೇಳಿದ್ರು.

“ಆಗೋವರೆಗೂ ನಾನು ಹೋಗಲ್ಲ.”

ಗೀರು ಬಿದ್ದ ವೈರ್ ತೆಗೆದು ಬೇರೆ ಹಾಕಿದ್ರು. ಎರಡು ಕಡೆ ಪಟ್ಟಿ ಕಟ್ಟಿದ್ರು. ಎಳೆದು ನೋಡಿದ್ರು, ಮತ್ತೆ ಎಳೆದು ನೋಡಿದ್ರು. ಅಷ್ಟಕ್ಕೇ ಗೆದ್ದೆ ಅನ್ನಲಿಲ್ಲ. ಮುಚ್ಚಳ ಹಾಕಿ, ಡಬ್ಬ ಅದರ ಜಾಗದಲ್ಲೇ ನಿಲ್ಲಿಸಿ, “ಅಣ್ಣಾ, ಮೊಣಕಾಲು ಒರಗಿಸಿ. ಇವತ್ತು ನನ್ನ ಮೀಟರ್ ನೀವೇ” ಅಂದ್ರು.

ಗುರುವಾರ ಪೂರ್ತಿ ಓಡಿತು. ಶುಕ್ರವಾರಾನೂ ಓಡಿತು. ಪ್ರತಿ ಪುಟ ಮುಗಿದಾಗ ಅಕ್ಕ ಕೇಳೋದು, “ಇದೆಯಾ?” ಚುಕ್ಕಿ ಅಣ್ಣ ಹೇಳೋದು, “ಇದೆ.” ಅದೊಂದು ಹಾಡಿನ ಥರ ಆಗ್ಬಿಟ್ಟಿತ್ತು. ಮಧ್ಯೆ ಒಂದ್ಸಲ ಚುಕ್ಕಿ ಅಣ್ಣ “ಇಲ್ಲ...” ಅಂತ ಎಳೆದ್ರು. ಅಕ್ಕ ಕಾಫಿ ಲೋಟ ಬಿಟ್ಟು ನೆಲಕ್ಕೆ ಬಿದ್ರು. “ಇಲ್ಲ, ಕಾಫಿಗೆ ಸಕ್ಕರೆ ಇಲ್ಲ ಅಂದೆ” ಅಂತ ನಕ್ರು ಅವರು. “ನಿಮ್ಮ ಮೊಣಕಾಲಿಗೆ ಬೆಂಕಿ ಹಾಕ!” ಅಂತ ಬೈದು ಅಕ್ಕಾನೂ ನಕ್ರು.

ಶನಿವಾರ ಮಧ್ಯಾಹ್ನ ಮೂರೂಕಾಲಿಗೆ ಕೊನೇ ಪುಟ ಅಚ್ಚಾಯ್ತು. ಒಂದು ಸಲಾನೂ ಆಫ್ ಆಗಲಿಲ್ಲ.

ಸೋಮವಾರ ಮಕ್ಕಳು ಪರೀಕ್ಷೆ ಬರೆಯೋದನ್ನ ಕಿಟಕಿಯಿಂದ ನೋಡಿದೆ. ಎಷ್ಟು ನಿಶ್ಶಬ್ದ ಗೊತ್ತಾ! ಅರವತ್ತಮೂರು ಜೊತೆ ಕೈ ಕಾಗದದ ಮೇಲೆ ಹರಿದಾಡ್ತಿವೆ. ಒಂದು ಹುಡುಗಿ ಬೆರಳು ಕೆಳಗಡೆವರೆಗೂ ಹೋಗಿ, ನಿಂತು, ಮತ್ತೆ ಮೇಲೆ ಹೋಯ್ತು. ಮೂರನೇ ಪ್ರಶ್ನೆಗೋ ಏನೋ.

ರಿಪೇರಿ ಅಕ್ಕ ಅಲ್ಲಿರಲಿಲ್ಲ. ಅವತ್ತು ಬೆಳಗ್ಗೆ ಆರಕ್ಕೇ ಒಂದು ಹಲ್ಲಿನ ಆಸ್ಪತ್ರೆಯ ಕಂಪ್ಯೂಟರ್ ಪಕ್ಕ ನೆಲದ ಮೇಲೆ ಕೂತಿದ್ರು. ಈಗ ಅವರದು ಹೊಸ ಪದ್ಧತಿ: ಯಾವ ಡಬ್ಬಾನೂ ಮಲಗಿಸಿ ಪರೀಕ್ಷೆ ಮಾಡಿ ಕಳಿಸಲ್ಲ. “ನಿಂತು ದುಡಿಯೋದನ್ನ ನಿಂತಿದ್ದಾಗಲೇ ನೋಡ್ಬೇಕು. ಅದರ ಜೊತೆ ಕೂತಿರೋರನ್ನ ಮೊದಲು ಕೇಳ್ಬೇಕು. ಇಪ್ಪತ್ತು ವರ್ಷ ಆದ್ಮೇಲೆ ಕಲಿತೆ.”

ಅವರ ಟೂಲ್ ಬಾಕ್ಸ್ ಮುಚ್ಚಳದ ಮೇಲೆ ಈಗ ಒಂದು ದಪ್ಪ ಕಾಗದದ ಪಟ್ಟಿ ಅಂಟಿದೆ, ಮೇಲೆಲ್ಲ ಉಬ್ಬು ಚುಕ್ಕಿ. ಶನಿವಾರ ಹೊರಡೋವಾಗ ಚುಕ್ಕಿ ಅಣ್ಣ ಅಂಟಿಸಿದ್ದು. ಏನ್ ಬರೆದಿದೀರಾ ಅಂತ ಅಕ್ಕ ಕೇಳಿದ್ದಕ್ಕೆ, “ಸುಮ್‌ಸುಮ್ನೆ ಅಕ್ಕಾ” ಅಂದ್ರಂತೆ.

ಏನಾದ್ರೂ ಆಸೆ ಇದೆಯಾ ಅಂತ ಕೇಳಿದೆ. ದೊಡ್ಡ ಅಂಗಡಿ ಅಂತಾರೇನೋ ಅಂದ್ಕೊಂಡಿದ್ದೆ. ಅವರು ಮುಚ್ಚಳದ ಮೇಲೆ ಬೆರಳಾಡಿಸಿದ್ರು.

“ಇದನ್ನ ನಾನೇ ಓದ್ಬೇಕು. ಯಾರೂ ಹೇಳ್ಕೊಡಬಾರ್ದು. ಶಾಲೆಯಿಂದ ಅಕ್ಷರಮಾಲೆ ಹಾಳೆ ತಂದಿದೀನಿ, ಮಗಳು ಮಲಗಿದ್ಮೇಲೆ ಅವಳ ಥರಾನೇ ಹೋಮ್‌ವರ್ಕ್ ಮಾಡ್ತೀನಿ. ಇದು ಒಂದೇ ಒಂದು ಪದ. ಮೊದಲೆರಡು ಅಕ್ಷರ ಬಂದ್ಬಿಡ್ತು. ‘ಕೇಳಿ’ ಅಂತಿದೆ.” ಬೆರಳು ನಿಂತಿತು. “ಮುಂದೆ ಇನ್ನೂ ಏನೋ ಇದೆ.”